ಎಣ್ಣೆಯಲ್ಲಿ ನೋಡಬೇಕಾದ ಮುಖ

ನಾನು ಜ್ಯೋತಿಷಿ ಅಲ್ಲ. ಇದನ್ನು ಐರ್ಲೆಂಡಿನ ಕನ್ನಡಿಗರಿಗೆ ಅರ್ಥ ಮಾಡಿಸಲು ಕಳೆದ ಸಮಯದಲ್ಲಿ ಇನ್ನೊಂದು ಪ್ರಬಂಧ ಬರೆಯಬಹುದಿತ್ತು. ಮೇನೂತಿನ ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆ ಇದ್ದದ್ದು ಮಧ್ಯಯುಗದ ಯುರೋಪಿನ ಜ್ಯೋತಿಷ ಮತ್ತು ಮಂತ್ರವಿದ್ಯೆಯ ಬಗ್ಗೆ. ಯಾವ ಗ್ರಹಕ್ಕೆ ಯಾವ ಲೋಹ, ಚಂದ್ರ ಆಕಾಶದ ಯಾವ ಮನೆಯಲ್ಲಿದ್ದಾಗ ಯಾವ ಚಿತ್ರ ಕೆತ್ತಿದರೆ ಏನು ಫಲ ಎಂದು ಆಗಿನವರು ಲ್ಯಾಟಿನ್ನಿನಲ್ಲಿ ಬರೆದಿಟ್ಟದ್ದನ್ನು ಓದುವುದು, ಅವರು ಹಾಗೆ ಏಕೆ ನಂಬಿದರು ಎಂದು ಕೇಳುವುದು ನನ್ನ ಕೆಲಸ. ಯುಗಾದಿ ಊಟದಲ್ಲಿ ಇಷ್ಟನ್ನೂ ವಿವರಿಸಿ ಮುಗಿಸಿದ ಮೇಲೆ ಎದುರಿಗಿದ್ದವರು ಒಬ್ಬಟ್ಟು ಕೆಳಗಿಟ್ಟು, ಅಂಗೈ ಒರೆಸಿಕೊಂಡು, ನನ್ನ ಮುಂದೆ ಚಾಚುತ್ತಿದ್ದರು. "ಸ್ಟ್ಯಾಂಪ್ ಫೋರ್ ವೀಸಾ ಯಾವಾಗ ಸಿಗತ್ತೆ, ಅಷ್ಟು ಹೇಳ್ಬಿಡಿ ಸಾಕು."

ಹೀಗಾಗಿ ಗೆಳತಿಯ ಮಗು ಹುಟ್ಟಿದಾಗ ಎರಡೂ ಕಡೆಯವರು ನನ್ನನ್ನು ನ್ಯಾಯಾಧೀಶೆ ಮಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದನ್ನು ಬರೆಯುವ ಮುನ್ನ ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವವಳು, ಆದರೆ ಆ ವಾರದ ಪುಟಗಳಲ್ಲಿ ಇರುವುದು ಹವಾಮಾನ ಮತ್ತು ಹಿಟ್ಟು ಸಿಗುತ್ತಿಲ್ಲ ಎಂಬ ದೂರು ಮಾತ್ರ. ಮುಖ್ಯವಾದದ್ದು ನಡೆಯುವಾಗ ಅದು ಮುಖ್ಯ ಎಂದು ನನಗೆ ಯಾವತ್ತೂ ಹೊಳೆದಿಲ್ಲ. ಮಿಕ್ಕದ್ದೆಲ್ಲ ನೆನಪಿನಿಂದ ಬರೆಯುತ್ತಿರುವುದು. ಈ ಕತೆಯನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಜನ ನಕ್ಕ ಕಡೆಗಳಲ್ಲಿ ಅದು ಸ್ವಲ್ಪ ಉದ್ದವಾಗಿದೆ ಎಂಬ ಅನುಮಾನ ನನಗೇ ಇದೆ.

ಗೆಳತಿ ನನ್ನ ಮೈಸೂರಿನ ಕಾಲೇಜಿನ ಸಹಪಾಠಿ. ಅವಳಿಗೆ ಕಿಲ್ಕೆನ್ನಿಯಲ್ಲಿ ಕೆಲಸ. ಅವಳ ಗಂಡ ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಕಂಪನಿಯಲ್ಲಿ ಎಂಜಿನಿಯರ್. ಕೊರೋನಾ ಬಂದು ಆಫೀಸು ಮುಚ್ಚಿದ ಮೇಲೆ ಅವನು ಅಡುಗೆಮನೆಯ ಮೇಜಿನಿಂದ ಕೆಲಸ ಮಾಡುತ್ತಿದ್ದ. ವಿಶ್ವವಿದ್ಯಾಲಯವೂ ಮುಚ್ಚಿತು. ನಾನಿದ್ದ ಮನೆಯ ಹುಡುಗಿಯರೆಲ್ಲ ತಮ್ಮ ತಮ್ಮ ಊರಿಗೆ ಹೋದರು. "ಎರಡು ವಾರ ನಮ್ಮನೇಗೆ ಬಾರೆ, ಒಬ್ಬಳೇ ಏನ್ ಮಾಡ್ತೀಯಾ" ಎಂದಳು ಗೆಳತಿ. ಒಂದು ಸೂಟ್‌ಕೇಸು, ಎರಡು ನಿಘಂಟು ಹಿಡಿದು ಹೋದೆ. ಎರಡು ವಾರ ಮುಗಿಯಲೇ ಇಲ್ಲ.

ಅವಳಿಗೆ ದಿನ ತುಂಬಿದ್ದ ಹೊತ್ತಿಗೆ ಅವಳ ಗಂಡನಿಗೆ ಕೆಮ್ಮು ಶುರುವಾಯಿತು. ಪ್ರತಿ ಜೂನ್‌ನಲ್ಲೂ ಹುಲ್ಲಿನ ಪರಾಗಕ್ಕೆ ಬರುವ ಕೆಮ್ಮು, ಎಲ್ಲರಿಗೂ ಗೊತ್ತಿತ್ತು. ಆದರೆ ಆ ವರ್ಷ ಕೆಮ್ಮಿದವನನ್ನು ಯಾರೂ ನಂಬುತ್ತಿರಲಿಲ್ಲ. ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಮಹಡಿಯ ಕೋಣೆಯಲ್ಲಿ ಇರಬೇಕು ಎಂದಾಯಿತು. ನಾನು ಬಾಗಿಲ ಮುಂದೆ ತಟ್ಟೆ ಇಟ್ಟು, ತಟ್ಟಿ, ಓಡಿಬರುತ್ತಿದ್ದೆ. ಅದೇ ಹೊತ್ತಿಗೆ ಗೆಳತಿಗೆ ನೋವು ಬಂತು. ಟ್ಯಾಕ್ಸಿಯಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಅವನು ಮಹಡಿಯ ಕಿಟಕಿಯಿಂದ ಕೈ ಬೀಸಿದ. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಆಪರೇಷನ್ ಆದ್ದರಿಂದ ನಾಲ್ಕೈದು ದಿನ ಅಲ್ಲೇ ಇರಬೇಕು. ಮರುದಿನ ಅವನಿಗೆ ಕೊರೋನಾ ಇಲ್ಲ ಎಂದು ಗೊತ್ತಾಯಿತು, ಆದರೆ ಹೆರಿಗೆ ವಾರ್ಡಿಗೆ ಯಾರಿಗೂ ಪ್ರವೇಶವಿರಲಿಲ್ಲ.

ಮಗು ಹುಟ್ಟಿದ ಗಳಿಗೆ ಮೈಸೂರಿಗೆ ಹೋಯಿತು. ಅಲ್ಲಿ ಅವನ ತಾಯಿ ಅದನ್ನು ಇಂಡಿಯಾದ ಸಮಯಕ್ಕೆ ಬದಲಿಸಿ, ತಮ್ಮ ಬೀದಿಯ ಜೋಯಿಸರಿಗೆ ಹೇಳಿದರು. ಸಂಜೆಯೊಳಗೆ ಉತ್ತರ ಬಂತು. ಮೂಲಾ ನಕ್ಷತ್ರ, ಒಂದನೇ ಪಾದ, ಈಗಷ್ಟೇ ಶುರುವಾದದ್ದು. ತಂದೆಗೆ ಆಗುವುದಿಲ್ಲ. ಶಾಂತಿ ಮಾಡಿಸಬೇಕು. ಅಲ್ಲಿಯವರೆಗೆ ತಂದೆ ಮಗುವಿನ ಮುಖವನ್ನು ನೇರವಾಗಿ ನೋಡಕೂಡದು. ನೋಡಲೇಬೇಕಾದರೆ ಮೊದಲು ಎಳ್ಳೆಣ್ಣೆ ತುಂಬಿದ ಬಟ್ಟಲಲ್ಲಿ ಅದರ ಪ್ರತಿಬಿಂಬ ನೋಡಬೇಕು.

ಆಸ್ಪತ್ರೆ ಮತ್ತು ಜೋಯಿಸರು ಒಬ್ಬರನ್ನೊಬ್ಬರು ಕೇಳದೆ ಒಂದೇ ಆಜ್ಞೆ ಹೊರಡಿಸಿದ್ದು ನನಗೆ ತಮಾಷೆಯಾಗಿ ಕಂಡಿತು. ಗೆಳತಿಗೆ ಕಾಣಲಿಲ್ಲ. ಅವಳು ವಾರ್ಡಿನಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಗಂಡ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು ಮಾತಾಡುತ್ತಿದ್ದ.

"ಯಾಕೆ ಬರೀ ಕತ್ತಲೆ ಕಾಣ್ತಿದೆ?" ಎಂದಳು ಗೆಳತಿ.

"ನೆಟ್‌ವರ್ಕ್ ಸರಿಯಿಲ್ಲ ಕಣೇ. ಆಡಿಯೋ ಮಾತ್ರ ಬರ್ತಿದೆ."

"ಬೆಳಗ್ಗಿಂದ ಸಂಜೆವರ್ಗೂ ಹನ್ನೆರಡು ಜನರ ಜೊತೆ ವಿಡಿಯೋ ಮೀಟಿಂಗ್ ಮಾಡೋ ಮನೇಲಿ ನನ್ನ ಮಗಳಿಗೊಬ್ಬಳಿಗೆ ನೆಟ್‌ವರ್ಕ್ ಇಲ್ವಾ?"

ಅವನು ಎರಡು ಕಾಲ್‌ವರೆಗೆ ತಡೆದುಕೊಂಡ. ಮೂರನೆಯದರಲ್ಲಿ ನಿಜ ಹೇಳಿದ. ಗೆಳತಿ ಫೋನನ್ನು ನನಗೆ ಕೊಡುವಂತೆ ಹೇಳಿದಳು.

"ಲೇ ಪ್ರೊಫೆಸರಮ್ಮ, ಅವನಿಗೆ ಹೇಳು. ಎಣ್ಣೇಲಿ ನೋಡೋದಾದ್ರೆ ಇವಳನ್ನ ನೋಡಲೇಬೇಡ ಅಂತ ಹೇಳು. ನಾನು ಮಗೂ ಕರ್ಕೊಂಡು ಅಲ್ಲಿಗೆ ಬರೋದೂ ಇಲ್ಲ."

"ಹಾಗಂದ್ರೆ ಎಲ್ಲಿಗೆ ಹೋಗ್ತೀಯೇ? ಎಲ್ಲಾ ಮುಚ್ಚಿದೆ."

"ಮೇನೂತಲ್ಲಿ ನಿನ್ನ ರೂಮ್ ಖಾಲಿ ಇದ್ಯಲ್ಲ."

ತಮಾಷೆ ಎಂದುಕೊಂಡೆ. ಬೀಗದ ಕೈ ಎಲ್ಲಿದೆ ಎಂದು ಕೇಳಿದಾಗ ಅಲ್ಲ ಎಂದು ತಿಳಿಯಿತು.

ಗಂಡನ ಪ್ರಶ್ನೆಗಳು ಬೇರೆ ಬಗೆಯವು. ಊಟಕ್ಕೆ ಕೂತಾಗ ಕೇಳಿದ, "ಫೋಟೋ ನೋಡಿದ್ರೆ ನೋಡಿದ ಹಾಗಾ? ನಿಮ್ಮ ಲ್ಯಾಟಿನ್‌ನವರು ಏನಂತಾರೆ?"

"ಅವರ ಕಾಲದಲ್ಲಿ ವಾಟ್ಸ್ಆ್ಯಪ್ ಇರ್ಲಿಲ್ಲ."

"ತತ್ವ ಕೇಳ್ತಿದೀನಿ. ಪಿಕ್ಸೆಲ್ ಅಂದ್ರೆ ಮುಖ ಅಲ್ಲ ಅಲ್ವಾ? ಡೇಟಾ ಅಷ್ಟೆ."

"ಹಾಗಾದ್ರೆ ಎಣ್ಣೇಲಿ ಕಾಣೋದೂ ಮುಖ ಅಲ್ಲ. ಅದಕ್ಕೇ ತಾನೆ ನಡಿಯತ್ತೆ? ಫೋನನ್ನೇ ಬಟ್ಟಲು ಅಂದ್ಕೊಂಡು ನೋಡ್ಬಿಡು."

ಅವನು ಚಪಾತಿ ಮುರಿಯುವುದನ್ನು ನಿಲ್ಲಿಸಿ ಇದನ್ನು ಗಂಭೀರವಾಗಿ ಯೋಚಿಸಿದ. ಕೊನೆಗೆ, "ಅಮ್ಮ ಒಪ್ಪಲ್ಲ" ಎಂದು, ಫೋನ್ ನನ್ನ ಕಡೆ ತಳ್ಳಿದ. "ನೀವೇ ನೋಡಿ ಹೇಳಿ. ಹೇಗಿದ್ದಾಳೆ?"

ನೋಡಿದೆ. ಕೆಂಪಗೆ, ಮಡಿಕೆ ಮಡಿಕೆಯಾಗಿ, ತಲೆಯ ತುಂಬ ಕೂದಲು. ನನಗೆ ಹಸುಗೂಸುಗಳನ್ನು ವರ್ಣಿಸಿ ಅಭ್ಯಾಸವಿಲ್ಲ, ಹಸ್ತಪ್ರತಿಗಳನ್ನು ವರ್ಣಿಸಿ ಇದೆ. "ಸ್ಥಿತಿ ಉತ್ತಮ. ಅಂಚುಗಳು ಸ್ವಲ್ಪ ಮುದುರಿವೆ" ಎಂದೆ. ಅವನು ನಗಲಿಲ್ಲ. ಇನ್ನೂ ಹೇಳಿ ಎನ್ನುವಂತೆ ಮುಖ ಮಾಡಿಕೊಂಡು ಕೂತಿದ್ದ. ಕಣ್ಣು ಹೇಗಿದೆ, ಕಿವಿ ಹೇಗಿದೆ, ನಿದ್ದೆ ಮಾಡುವಾಗ ಬಾಯಿ ತೆರೆಯುತ್ತಾಳಾ ಎಂದು ಒಂದೊಂದಾಗಿ ಕೇಳಿದ. ಆಗ ನನಗೆ ತಮಾಷೆ ಮಾಡಿದ್ದು ಸರಿಯಾಗಲಿಲ್ಲ ಅನ್ನಿಸಿತು. ಅಥವಾ ಈಗ ಅನ್ನಿಸುತ್ತಿರುವುದನ್ನು ಆಗ ಅನ್ನಿಸಿತು ಎಂದು ಬರೆಯುತ್ತಿದ್ದೇನೆ.

ನನ್ನ ಓದಿನಿಂದ ಅವನಿಗೆ ಸಹಾಯವಾಗಬಹುದು ಎಂದು ಒಂದು ಪ್ರಯತ್ನ ಮಾಡಿದೆ. ನಮ್ಮ ಇಪ್ಪತ್ತೇಳು ನಕ್ಷತ್ರಗಳ ಹಾಗೆಯೇ ಅರಬರಿಗೂ ಅವರಿಂದ ಕಲಿತ ಲ್ಯಾಟಿನ್ ಪಂಡಿತರಿಗೂ ಚಂದ್ರನ ಇಪ್ಪತ್ತೆಂಟು ಮನೆಗಳಿದ್ದವು. ನಮ್ಮ ಮೂಲಾ ಎಂದರೆ ವೃಶ್ಚಿಕದ ಬಾಲದ ತುದಿಯ ನಕ್ಷತ್ರಗಳು. ನಾವು ಅದರಲ್ಲಿ ಬೇರಿನ ಕಟ್ಟನ್ನು ಕಂಡೆವು. ಬೇರು ಕಂಡ ಮೇಲೆ ಅದನ್ನು ಕಿತ್ತುಹಾಕುವ ದೇವತೆಯನ್ನು ಕೂರಿಸಿದೆವು, ಕೂರಿಸಿದ ಮೇಲೆ ಹೆದರಿದೆವು. ಅದೇ ಚುಕ್ಕಿಗಳು ಅವರಿಗೆ ಚೇಳಿನ ಕೊಂಡಿ. ಹೆದರಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೆ? ಆದರೆ ಅವರ ಒಂದು ಕೈಪಿಡಿಯ ಪ್ರಕಾರ ಚಂದ್ರ ಆ ಮನೆಯಲ್ಲಿದ್ದಾಗ ತಾಮ್ರದ ಮುದ್ರೆಯೊಂದನ್ನು ಮಾಡಬೇಕು. ಅದರ ಮೇಲೆ ಎರಡು ಕೈಗಳಿಂದ ಮುಖ ಮುಚ್ಚಿಕೊಂಡ ಹೆಂಗಸಿನ ಚಿತ್ರ ಕೆತ್ತಬೇಕು. ಅದಕ್ಕೆ ಸುವಾಸನೆಯ ಅಂಟಿನ ಧೂಪ ಹಾಕಬೇಕು. ಅದು ಸುಖಪ್ರಸವಕ್ಕೆ.

"ನೋಡು, ಅಲ್ಲಿ ಇದು ಹೆರಿಗೆಯ ನಕ್ಷತ್ರ. ಒಳ್ಳೇದು" ಎಂದೆ.

"ಅಮ್ಮನಿಗೆ ಲ್ಯಾಟಿನ್ ಬರಲ್ವಲ್ಲ" ಎಂದ.

ಅಮ್ಮ ನನಗೇ ಫೋನ್ ಮಾಡಿದರು. ಅವರಿಗೆ ಇಲ್ಲಿ ಬಂದು ಬಾಣಂತನ ಮಾಡುವ ಆಸೆ ಇತ್ತು. ಟಿಕೆಟ್ ತೆಗೆದು, ಮೆಂತ್ಯದ ಹಿಟ್ಟು, ಲೇಹ ಎಲ್ಲ ಡಬ್ಬಿಗೆ ತುಂಬಿದ ಮೇಲೆ ವಿಮಾನಗಳು ನಿಂತಿದ್ದವು.

"ನೀನು ಓದಿರೋಳು ಕಣಮ್ಮ. ನಿಮ್ಮ ಪುಸ್ತಕದಲ್ಲಿ ಮೂಲಾಗೆ ಏನ್ ಹೇಳಿದಾರೆ?"

ಹೇಳಿದೆ. ತಾಮ್ರದ ಮುದ್ರೆಯ ವಿಷಯವನ್ನು ಅವರು ಪೂರ್ತಿ ಗಮನಕೊಟ್ಟು ಕೇಳಿದರು. ಎಷ್ಟು ದೊಡ್ಡದು, ಸೊಂಟಕ್ಕೆ ಕಟ್ಟೋದಾ ಎಂದೂ ವಿಚಾರಿಸಿದರು. ನನ್ನ ಸಂಶೋಧನೆಯನ್ನು ಅಷ್ಟು ಆಸಕ್ತಿಯಿಂದ ನನ್ನ ಗೈಡ್ ಕೂಡ ಕೇಳಿರಲಿಲ್ಲ.

"ಆದ್ರೆ ಅಮ್ಮ, ಇದೆಲ್ಲ ಅರ್ಥ ಜನ ಕೊಟ್ಟಿದ್ದು. ನಕ್ಷತ್ರಕ್ಕೆ ಏನೂ ಗೊತ್ತಿಲ್ಲ" ಎಂದೆ, ಸ್ವಲ್ಪ ಉಪನ್ಯಾಸದ ಧಾಟಿಯಲ್ಲಿ.

"ನಕ್ಷತ್ರಕ್ಕೆ ಗೊತ್ತಿಲ್ದೇ ಇರಬಹುದು, ಜನಕ್ಕೆ ಗೊತ್ತಲ್ಲ" ಎಂದರು ಅವರು. "ಇವನು ಹುಟ್ಟಿ ಮೂರು ವರ್ಷಕ್ಕೆ ಇವರಪ್ಪ ಹೋದ್ರು. ಮಗೂ ಕಾಲ್ಗುಣ ಅಂದ್ರು. ಮದುವೆ ಮನೇಲಿ, ಮುಂಜಿ ಮನೇಲಿ, ಇವನ ಮುಂದೇನೇ ಅಂದ್ರು. ನಾಲ್ಕೈದು ವರ್ಷದ ಕೂಸು, ತಟ್ಟೆ ಮುಂದೆ ಕೂತ್ಕೊಂಡು ಕೇಳಿಸ್ಕೋತಿತ್ತು. ಈಗ ಈ ಕಾಯಿಲೆ ಬೇರೆ ಊರೆಲ್ಲ ಹಬ್ಬಿದೆ. ನಾಳೆ ಏನೋ ಒಂದಾದ್ರೆ ಆ ಹೆಣ್ಣುಕೂಸಿನ ತಲೆ ಮೇಲೆ ಹಾಕ್ತಾರೆ. ಎಣ್ಣೇಲಿ ನೋಡಿ, ಶಾಂತಿ ಆಯ್ತು ಅಂದ್ರೆ ಒಬ್ಬರೂ ಬಾಯಿ ಬಿಡಲ್ಲ. ನಾನು ಅಲ್ಲಿಗೆ ಬಂದು ಒಂದು ಚೊಂಬು ನೀರು ಹಾಕಕ್ಕೆ ಆಗ್ಲಿಲ್ಲ. ಇಷ್ಟಾದ್ರೂ ಮಾಡಬೇಡ್ವಾ?"

ನಾನು ಅದುವರೆಗೂ ಎಣ್ಣೆ ಮಗನ ರಕ್ಷಣೆಗೆ ಎಂದುಕೊಂಡಿದ್ದೆ. ಅದು ಮೊಮ್ಮಗಳಿಗೆ ಎಂಬುದು ನನ್ನ ಯಾವ ಅಡಿಟಿಪ್ಪಣಿಯಲ್ಲೂ ಇರಲಿಲ್ಲ.

ಗೆಳತಿಗೆ ಇದನ್ನು ಬರೆದು ಕಳಿಸಿದೆ, ಕರಗುತ್ತಾಳೆ ಎಂದು. ತಕ್ಷಣ ಉತ್ತರ ಬಂತು. "ಗೊತ್ತು ಕಣೇ. ಅದಕ್ಕೇ ಹೇಳ್ತಿರೋದು. ಅವನನ್ನ ಜನ ಹಾಗೆ ನೋಡಿದ್ರು. ಇವಳನ್ನ ಇವನೂ ಹಾಗೇ ನೋಡಿದ್ರೆ? ಮೊದಲನೇ ಸಲಾನೇ?"

ಇಬ್ಬರೂ ಸರಿ ಅನ್ನಿಸಿದಾಗ ನಾನು ಸಾಮಾನ್ಯವಾಗಿ ಟೀ ಮಾಡುತ್ತೇನೆ. ಮಾಡಿದೆ.

ಅವಳು ಮನೆಗೆ ಬರುವ ದಿನ ಬೆಳಗ್ಗೆ ಅವನು ಸ್ಟೀಲ್ ಡಬ್ಬಿಯೊಂದನ್ನು ತೊಳೆದು ಒರೆಸಿದ. ಇಡೀ ಕಿಲ್ಕೆನ್ನಿಯಲ್ಲಿ ಅವನಿಗೆ ಸಿಕ್ಕಿದ್ದ ಎಳ್ಳೆಣ್ಣೆ ಸೂಪರ್‌ಮಾರ್ಕೆಟ್ಟಿನ ಚೈನೀಸ್ ಶೆಲ್ಫಿನದು, ಹುರಿದ ಎಳ್ಳಿನದು, ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಡಬ್ಬಿಗೆ ಸುರಿದಾಗ ಅಡುಗೆಮನೆಯೆಲ್ಲ ನೂಡಲ್ಸ್ ಅಂಗಡಿಯ ವಾಸನೆ. ಅವನು ಮುಚ್ಚಳ ಬಿಗಿದು ನನ್ನ ಕೈಗೆ ಕೊಟ್ಟ. "ಚೆಲ್ಲದ ಹಾಗೆ ಹಿಡ್ಕೊಳ್ಳಿ. ತಗೊಂಡ್ಹೋಗ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ."

"ನೋಡ್ತೀನಿ ಅಂತ ಕೊಟ್ಟಿದೀಯಾ?"

"ಅದನ್ನ ಅಲ್ಲಿ ಹೋಗಿ ನೋಡೋಣ" ಎಂದ.

ಕಾರಿನ ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಾರಿನ ಗಡಿಯಾರ ಒಂದು ಗಂಟೆ ಹಿಂದಿತ್ತು. ಮಾರ್ಚ್ ಕೊನೆಯಲ್ಲಿ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆ ಮಾರ್ಚಿನಲ್ಲಿ ಯಾರಿಗೂ ಎಲ್ಲೂ ಹೋಗುವುದಿರಲಿಲ್ಲವಾದ್ದರಿಂದ ಕಾರಿನದು ಹಾಗೇ ಉಳಿದಿತ್ತು. ತಡವಾಯಿತೋ ಬೇಗ ಬಂದೆವೋ ಎಂದು ಅದನ್ನು ನೋಡುತ್ತಾ ಲೆಕ್ಕ ಹಾಕುತ್ತಿದ್ದಾಗ ಥಟ್ಟನೆ ಹೊಳೆಯಿತು.

"ಅಮ್ಮ ಇಲ್ಲಿನ ಟೈಮ್‌ಗೆ ಎಷ್ಟು ಕೂಡಿಸ್ತಾರೆ?"

"ಐದೂವರೆ ಗಂಟೆ. ನಾನು ಬಂದಾಗಿಂದ ಅಷ್ಟೇ. ಅಡುಗೆಮನೆ ಗಡಿಯಾರದ ಕೆಳಗೆ ಚೀಟಿ ಅಂಟಿಸಿದಾರೆ."

"ನೀನು ಬಂದಿದ್ದು ಯಾವ ತಿಂಗಳು?"

"ಜನವರಿ." ಅವನು ಬ್ರೇಕ್ ಹಾಕಿದ. ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಇಲ್ಲಿ ಗಡಿಯಾರ ಮುಂದಿಟ್ಟ ಮೇಲೆ ಬೆಂಗಳೂರಿನ ತಂಡದ ಜೊತೆ ದಿನವೂ ಐದೂವರೆ ಬಿಟ್ಟು ನಾಲ್ಕೂವರೆ ಗಂಟೆಯ ವ್ಯತ್ಯಾಸ ಲೆಕ್ಕಹಾಕಿ ಮೀಟಿಂಗ್ ಇಡುವ ಮನುಷ್ಯನಿಗೆ ತನ್ನ ಮಗಳ ಜಾತಕದಲ್ಲಿ ಅದು ಹೊಳೆದಿರಲಿಲ್ಲ. ಎಂಟು ನೂರು ವರ್ಷದ ಹಿಂದಿನವರ ಲೆಕ್ಕದ ತಪ್ಪು ಹಿಡಿಯುವ ನನಗೂ ಹೊಳೆದಿರಲಿಲ್ಲ.

"ಹಾಗಾದ್ರೆ ಒಂದು ಗಂಟೆ ಮುಂಚೆ ಹುಟ್ಟಿದ್ದು! ಈಗಷ್ಟೇ ಶುರುವಾಗಿತ್ತು ಅಂದ್ರಲ್ಲ ಮೂಲಾ. ಅದು ಬಂದೇ ಇಲ್ಲ!"

"ಜ್ಯೇಷ್ಠಾ ಇರಬೇಕು, ಕೊನೇ ಪಾದ."

"ಇಲ್ಲಿನವರು ಅನ್ನೋ ಹಾಗೆ, ಜ್ಯೇಷ್ಠಾ ಗ್ರ್ಯಾಂಡ್ ಅಲ್ವಾ? ತೊಂದ್ರೆ ಇಲ್ಲ ಅಲ್ವಾ?"

"ಹೆಣ್ಣಿಗಾದ್ರೆ ಗಂಡನ ಅಣ್ಣನಿಗೆ ಆಗಲ್ಲ ಅಂತಾರೆ."

"ಆ ಪುಣ್ಯಾತ್ಮ ಇನ್ನೂ ಎಲ್ಲೋ ಡಯಪರ್‌ನಲ್ಲಿರ್ತಾನೆ. ಅದು ಅವನ ಪ್ರಾಬ್ಲಂ" ಎಂದು ಅವನು ಎಷ್ಟೋ ದಿನದ ಮೇಲೆ ನಕ್ಕ. ಎರಡು ನಕ್ಷತ್ರಗಳು ಕೂಡುವ ಆ ಸಂಧಿಗೂ ಜೋಯಿಸರು ಹೆದರುತ್ತಾರೆ ಎಂಬುದನ್ನು ನಾನು ಹೇಳಲಿಲ್ಲ.

ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ತುಂತುರು ಮಳೆ. ನರ್ಸ್ ಒಬ್ಬರು ಮಗುವನ್ನು ಮಲಗಿಸಿದ್ದ ಪುಟ್ಟ ಕಾರ್ ಸೀಟನ್ನು ಕೈಯಲ್ಲಿ ಹಿಡಿದು ಬಾಗಿಲವರೆಗೆ ಬಂದರು. "ಶಿ ಈಸ್ ಎ ಡೋಟ್" ಎಂದು ಐರಿಷ್ ಮಾತಿನಲ್ಲಿ ಮುದ್ದು ಮಾಡಿ ಗೆಳತಿಯ ಕೈಗೆ ಕೊಟ್ಟು ಒಳಗೆ ಹೋದರು. ಗೆಳತಿ ನಿಧಾನವಾಗಿ ಹೆಜ್ಜೆ ಹಾಕುತ್ತಾ ಬಂದಳು. ಸೀಟಿನ ಬೆನ್ನು ನಮ್ಮ ಕಡೆಗಿತ್ತು. ಅವಳ ಕಣ್ಣು ನನ್ನ ಕೈಯ ಡಬ್ಬಿಯ ಮೇಲೆ.

ಅವನು ಓಡಿದ. "ಮೂಲಾ ಅಲ್ಲ ಕಣೇ! ಅಮ್ಮ ಒಂದು ಗಂಟೆ ಜಾಸ್ತಿ ಕೂಡ್ಸಿದಾರೆ. ಜ್ಯೇಷ್ಠಾ! ಎಣ್ಣೆ ಬೇಡ, ನೋಡಬಹುದು!"

ಇಂಥ ಒಳ್ಳೆಯ ಸುದ್ದಿಗೆ ಯಾರ ಮುಖವೂ ಅಷ್ಟು ಗಟ್ಟಿಯಾದದ್ದನ್ನು ನಾನು ಕಂಡಿಲ್ಲ.

"ನೋಡಬಹುದಾ? ಪರ್ಮಿಷನ್ ಬಂತಾ?"

"ಅಲ್ಲ, ನಾನು ಹೇಳಿದ್ದು..."

"ಮೂಲಾ ಆಗಿದ್ರೆ?"

ಅವನು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ.

"ನನ್ನ ಮಗಳು ಮೂಲಾನೇ" ಎಂದಳು ಗೆಳತಿ. "ನೋಡೋದಾದ್ರೆ ಮೂಲಾ ಅಂತಾನೇ ನೋಡು. ಇಲ್ದಿದ್ರೆ ಇವಳ ಜೊತೆ ನಾನು ಮೇನೂತಿಗೆ ಹೊರಟೆ."

ಅವಳು ನಿಜವಾಗಿ ಹೀಗೇ ಹೇಳಿದಳೇ? ಈಚೆಗೆ ಕೇಳಿದರೆ, "ಹೊಲಿಗೆ ಎಳೀತಿತ್ತು, ಬೇಗ ಕಾರು ಹತ್ತಿಸು ಅಂದಿರ್ತೀನಿ" ಎಂದಳು. ಅವಳ ಗಂಡ ಮಾತ್ರ ಈ ಮಾತು ಅಕ್ಷರಶಃ ನಿಜ ಎನ್ನುತ್ತಾನೆ. ಹೆಂಡತಿಯ ಬೈಗುಳದ ವಿಷಯದಲ್ಲಿ ಗಂಡಸರ ನೆನಪನ್ನು ನಂಬಬಹುದು ಎಂದುಕೊಂಡು ಹಾಗೇ ಬಿಟ್ಟಿದ್ದೇನೆ.

ಅವನು ಅಲ್ಲೇ ನಿಂತ. ಒಂದು ಸಲ ನನ್ನ ಕಡೆ ತಿರುಗಿದ. ನಾನು ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಯಾರ ಪರವಾಗಿ ಹಾಗೆ ಮಾಡಿದೆನೋ ಗೊತ್ತಿಲ್ಲ. ಆಮೇಲೆ ಅವನು ಒದ್ದೆ ಟಾರಿನ ಮೇಲೆ ಮಂಡಿಯೂರಿ, ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ಸೀಟನ್ನು ತನ್ನ ಕಡೆ ತಿರುಗಿಸಿಕೊಂಡ.

ಮಗು ಎರಡೂ ಕೈಗಳನ್ನು ಮುಖದ ಮೇಲಿಟ್ಟುಕೊಂಡು ಮಲಗಿತ್ತು ಎಂದು ನನ್ನ ನೆನಪು ಹೇಳುತ್ತದೆ. ಇದನ್ನು ನೀವು ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ. ತಾಮ್ರದ ಮುದ್ರೆ ಓದಿದವಳಿಗೆ ಕಾಣಬೇಕಾದ್ದೇ ಅದು. ನಿಂತ ಕಡೆಯಿಂದ ನನಗೆ ಕಂಡಿರಬಹುದಾದದ್ದು ಅವನ ಬೆನ್ನು ಮತ್ತು ಒದ್ದೆಯಾಗುತ್ತಿದ್ದ ಪ್ಯಾಂಟು.

"ಹಾಯ್ ಮೂಲಾ" ಎಂದ. ಇದನ್ನು ಮಾತ್ರ ಕೇಳಿದ್ದೇನೆ.

ಮನೆಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆ ಕಾದಿದ್ದರು. ಹೆಣೆದ ಟೊಪ್ಪಿಯೊಂದನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದು, "ಜೆಮಿನಿ, ಅಲ್ಲವೇ? ಮಾತಿನ ಮಲ್ಲಿ ಆಗ್ತಾಳೆ ನೋಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಮ್ಮ ಅಜ್ಜಿಯ ಕಾಲದಲ್ಲಿ ಯಕ್ಷಿಣಿಗಳು ಮಗುವನ್ನು ಬದಲಾಯಿಸದಿರಲೆಂದು ತೊಟ್ಟಿಲಿಗೆ ಅಡ್ಡವಾಗಿ ಒಲೆಯ ಇಕ್ಕಳ ಇಡುತ್ತಿದ್ದರು ಎಂದೂ ಹೇಳಿದರು. "ಎಷ್ಟು ಚೆನ್ನಾಗಿದೆ!" ಎಂದಳು ಗೆಳತಿ. ನಾನು ಹುಬ್ಬೇರಿಸಿದೆ. "ಏನು? ಅದು ಜಾನಪದ ಕಣೇ" ಎಂದಳು. ಆ ರಾತ್ರಿಯ ಅಡುಗೆ ನೂಡಲ್ಸ್. ಎಣ್ಣೆ ದಂಡವಾಗಬಾರದಲ್ಲ.

ಅದಕ್ಕೂ ಮುಂಚೆ, ಮೈಸೂರಿನಲ್ಲಿ ಅಮ್ಮ ಮಲಗುವ ಹೊತ್ತಿಗೆ, ಅವನು ಫೋನ್ ಮಾಡಿದ. ಗೆಳತಿ ಸೋಫಾದ ಮೇಲೆ, ಮಗು ಅವನ ತೋಳಲ್ಲಿ, ನಾನು ಫೋನ್ ಹಿಡಿದುಕೊಂಡವಳು. ಆ ಒಂದು ಗಂಟೆಯ ವಿಷಯ ಹೇಳಿದರೆ ಎಲ್ಲ ಸುಲಭವಾಗುತ್ತಿತ್ತು. ಅವನು ಹೇಳುತ್ತಾನೆ ಎಂದೇ ನಾನು ಕಾದೆ.

"ನೋಡಿದೆ ಅಮ್ಮ" ಎಂದ. "ಎಣ್ಣೇಲಿ ಅಲ್ಲ. ನೇರವಾಗೇ ನೋಡಿದೆ."

ಅವನು ಮಗುವನ್ನು ತೋಳಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿಕೊಂಡ.

"ಶಾಂತಿ ಮಾಡ್ಸು, ನಿನ್ನ ಸಮಾಧಾನಕ್ಕೆ. ನಾವು ಇಲ್ಲಿಂದ ಕೈ ಮುಗೀತೀವಿ. ಆದ್ರೆ ಮುಂದೆ ಯಾರಾದ್ರೂ ಇವಳನ್ನ ಏನಾದ್ರೂ ಅಂದ್ರೆ, ಅವರಪ್ಪನೇ ಬೇಕಂತ ನೋಡಿದ್ದು ಅಂತ ಹೇಳು. ಅವನೇ ಮಂಡಿ ಊರ್ಕೊಂಡು ನೋಡಿದ್ದು ಅಂತ ಹೇಳು."

ಗೆಳತಿ ಅವನನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಮಗನಿಗೆ ತೋರಿಸದ ಮುಖವನ್ನು ತಾನು ನೋಡುವುದಿಲ್ಲ ಎಂದು ಅಮ್ಮನೂ ಅಷ್ಟು ದಿನ ಫೋಟೋ ತೆರೆದಿರಲಿಲ್ಲವೆಂದು ಅವರ ಮುಂದಿನ ಪ್ರಶ್ನೆಯಿಂದ ನನಗೆ ತಿಳಿಯಿತು.

"ಯಾರ ಥರ ಇದ್ದಾಳೆ?" ಎಂದರು.

"ನೀನೇ ನೋಡು."

ನಾನು ಫೋನನ್ನು ಮಗುವಿನ ಮುಖದ ಹತ್ತಿರಕ್ಕೆ ಹಿಡಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಪರದೆಯ ತುಂಬ ಅವರ ಹಣೆ ಮಾತ್ರ ಕಾಣುತ್ತಿತ್ತು.

"ಅಯ್ಯೋ ಶಿವನೇ" ಎಂದರು ಕೊನೆಗೆ. "ಆ ಮೂಗು ನಿಮ್ಮಪ್ಪಂದು ಕಣೋ. ಇದಕ್ಕೆ ಯಾವ ಶಾಂತಿನೂ ಇಲ್ಲ."